ಯುದ್ಧ ಮುಗಿದ ಮೇಲೆ ಸೇನೆಗೆ ನಾನು ಜಾಸ್ತಿಯಾದೆ: ಅಮೆರಿಕದ ಕ್ಯಾಪ್ಟನ್ ಒಬ್ಬನ ಹದಿನಾರು ತಿಂಗಳು

ಈ ತಿಂಗಳು, ಅಂದರೆ 2015ರ ಜುಲೈ 9ರಂದು, ಅಮೆರಿಕ ಸೇನೆ ಇನ್ನೊಂದು ಕಡಿತದ ಲೆಕ್ಕ ಹೇಳಿತು. 4,90,000 ಸೈನಿಕರ ಸಂಖ್ಯೆ 2018ರ ಹೊತ್ತಿಗೆ 4,50,000ಕ್ಕೆ ಇಳಿಯಬೇಕು. ಅಂದರೆ 40,000 ಜನ ಕಡಿಮೆ. ಅದರ ಜೊತೆ 17,000 ಸಿವಿಲಿಯನ್ ನೌಕರರು. ಅವತ್ತು ಸಂಜೆಯಿಂದಲೇ ನನಗೆ ಫೋನ್ ಶುರುವಾಯಿತು. ನನ್ನ ಕೈಕೆಳಗೆ ಲೆಫ್ಟಿನೆಂಟ್ ಆಗಿದ್ದು ಈಗ ಕ್ಯಾಪ್ಟನ್ ಆಗಿರುವ ಹುಡುಗರು, ಹಳೇ ಯೂನಿಟ್ಟಿನವರು, ಇಬ್ಬರು ಕನ್ನಡದವರು. ಎಲ್ಲರದ್ದೂ ಒಂದೇ ಪ್ರಶ್ನೆ. "ನಿಮಗೆ ಹೋದ ವರ್ಷ ಹೇಗಾಯ್ತು? ಮೊದಲು ಏನು ಮಾಡಬೇಕು?" ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳಿ ಹೇಳಿ, ಕೊನೆಗೆ ಬರೆದೇ ಬಿಡೋಣ ಅನ್ನಿಸಿತು.

ಇದು ನನಗೆ ಆಗಿದ್ದು. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ನಿಮ್ಮ ಕೈಗೆ ಬರುವ ಆದೇಶವನ್ನು ನೀವೇ ಓದಿಕೊಳ್ಳಿ. ಆದರೆ ಕಾಯುವುದು, ಕಾಗದ ಹುಡುಕುವುದು, ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕುವುದು, ಇವೆಲ್ಲ ಬದಲಾಗುವುದಿಲ್ಲ ಅಂತ ನನಗೆ ಗೊತ್ತು.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಊರು ಸೋಮವಾರಪೇಟೆ. ಓದಿದ್ದು ಎಂಜಿನಿಯರಿಂಗ್, ಹಾಸನದಲ್ಲಿ. ಮದುವೆಯಾಗಿ ಹೆಂಡತಿಯ ಜೊತೆ ಟೆಕ್ಸಾಸ್‌ಗೆ ಬಂದೆ, ಅವಳು ಇಲ್ಲೇ ಬೆಳೆದವಳು. 2003ರ ಆಗಸ್ಟ್‌ನಲ್ಲಿ ಗ್ರೀನ್ ಕಾರ್ಡ್ ಮೇಲೆಯೇ ಸಾಮಾನ್ಯ ಸೈನಿಕನಾಗಿ ಸೇನೆ ಸೇರಿದೆ. ಕೊಡಗಿನ ನೀರು ಕುಡಿದವನಿಗೆ ಮಿಲಿಟರಿ ಅಂದರೆ ಚಿಕ್ಕಂದಿನಿಂದ ಒಂದು ಸೆಳೆತ ಇದ್ದೇ ಇರುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಸೇವೆಯಲ್ಲಿರುವವರು ಪೌರತ್ವಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ ಅಂತ 2002ರಲ್ಲಿ ಆದೇಶ ಆಗಿತ್ತು. ಅದರಿಂದ ನನಗೂ ಬೇಗ ಪೌರತ್ವ ಸಿಕ್ಕಿತು. 2007ರಲ್ಲಿ ಫೋರ್ಟ್ ಬೆನ್ನಿಂಗ್‌ನ ಅಧಿಕಾರಿ ತರಬೇತಿ ಮುಗಿಸಿ ಲೆಫ್ಟಿನೆಂಟ್ ಆದೆ. ಲಾರಿ, ಇಂಧನ, ಮದ್ದುಗುಂಡು, ಊಟದ ಸಾಮಾನು ಸಾಗಿಸುವ ವಿಭಾಗ. ಇರಾಕ್‌ಗೆ ಎರಡು ಸಲ, ಆಫ್ಘಾನಿಸ್ತಾನಕ್ಕೆ ಒಂದು ಸಲ ಹೋಗಿ ಬಂದೆ.

ಅಮ್ಮನಿಗೆ ನನ್ನ ಕೆಲಸದಲ್ಲಿ ಒಂದೇ ಒಂದು ವಿಷಯ ಇಷ್ಟ. ಅದು ಸರ್ಕಾರಿ ಕೆಲಸ. "ಗುಂಡು ತಾಗದಿದ್ರೆ ಸಾಕು, ಕೆಲಸಕ್ಕೇನೂ ಮೋಸ ಇಲ್ಲ" ಅಂತ ನೆಂಟರಿಗೆಲ್ಲಾ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. 20 ವರ್ಷ ತುಂಬಿದರೆ ಪಿಂಚಣಿ. ನಾನು ಅರ್ಧ ದಾರಿ ದಾಟಿದ್ದೆ.

ಇರಾಕ್, ಆಫ್ಘಾನಿಸ್ತಾನ ಎರಡೂ ಕಡೆ ಯುದ್ಧ ಜೋರಾಗಿದ್ದ ವರ್ಷಗಳಲ್ಲಿ ಸೇನೆ ಸುಮಾರು 5,70,000ದವರೆಗೆ ಬೆಳೆದಿತ್ತು. 2011ರ ಡಿಸೆಂಬರ್‌ನಲ್ಲಿ ಇರಾಕ್‌ನಿಂದ ಎಲ್ಲರೂ ವಾಪಸ್ ಬಂದರು. ಅದೇ ವರ್ಷ ಸರ್ಕಾರದ ಖರ್ಚು ಕಡಿಮೆ ಮಾಡುವ ಕಾಯ್ದೆ ಬಂತು, 2013ರ ಮಾರ್ಚ್‌ನಲ್ಲಿ ಎಲ್ಲ ಇಲಾಖೆಗೂ ಒಂದೇ ಸಮ ಕತ್ತರಿ ಬಿತ್ತು. ಮೊದಲು ಹೊಸ ನೇಮಕ ಕಡಿಮೆಯಾಯಿತು, ಆಮೇಲೆ ಬಡ್ತಿ ಕಡಿಮೆಯಾಯಿತು. ನಮ್ಮ ಬುಡಕ್ಕೇ ಬರುತ್ತದೆ ಅಂತ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

2013ರ ಡಿಸೆಂಬರ್‌ನಲ್ಲಿ ಆ ಸಂದೇಶ ಬಂತು. 2006, 2007, 2008ರ ಸಾಲಿನ, ಅಂದರೆ ಆ ವರ್ಷಗಳಲ್ಲಿ ಅಧಿಕಾರಿಗಳಾದ, ಕ್ಯಾಪ್ಟನ್‌ಗಳ ಫೈಲುಗಳನ್ನು ಒಂದು ಬೋರ್ಡ್ ನೋಡುತ್ತದೆ, ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಅಂತ ಆರಿಸುತ್ತದೆ. ಮೇಜರ್‌ಗಳಿಗೆ ಬೇರೆ ಬೋರ್ಡ್. ಒಟ್ಟು ಸೇವೆ 18 ವರ್ಷ ದಾಟಿದವರನ್ನು ಬೇಗ ನಿವೃತ್ತಿಗೆ ಆರಿಸುತ್ತಾರೆ, ಅದಕ್ಕಿಂತ ಕಡಿಮೆ ಇದ್ದವರನ್ನು ಬಿಡುಗಡೆಗೆ. ನಾನು 2007ರ ಸಾಲು. ಸಂದೇಶ ಓದಿದಾಗ ಮಧ್ಯಾಹ್ನ ಊಟದ ಹೊತ್ತು. ಪಕ್ಕದ ಮೇಜಿನ ಕ್ಯಾಪ್ಟನ್ ಕೂಡ ಅದನ್ನೇ ಓದುತ್ತಿದ್ದ. ಇಬ್ಬರೂ ಏನೂ ಮಾತಾಡಲಿಲ್ಲ. ಅವನು ಎದ್ದು ಹೋಗಿ ತನ್ನ ಫೈಲ್ ತೆಗೆಯಲು ಕೂತ, ನಾನೂ ಕೂತೆ.

ಮುಂದೆ ಈ ದಾರಿಯಲ್ಲಿ ಬರುವವರು ದಯವಿಟ್ಟು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬೋರ್ಡಿನವರು ನಿಮ್ಮನ್ನು ನೋಡುವುದಿಲ್ಲ. ಕಾಗದ ನೋಡುತ್ತಾರೆ. ನೀವು ಮರಳುಗಾಡಿನಲ್ಲಿ ಎಷ್ಟು ಲಾರಿ ದಾಟಿಸಿದಿರಿ, ಎಷ್ಟು ಜನರನ್ನು ಪೂರ್ತಿ ವಾಪಸ್ ಕರೆತಂದಿರಿ ಅನ್ನುವುದು ಆ ಕಾಗದದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. 2014ರಲ್ಲಿ ಅವರ ಮುಂದೆ ಇದ್ದದ್ದು ನಮ್ಮ ಫೋಟೊ, ಒಂದು ಹಾಳೆಯಲ್ಲಿ ಇಡೀ ಸೇವೆಯ ಸಾರಾಂಶ, ಮತ್ತೆ ವರ್ಷ ವರ್ಷದ ಮೌಲ್ಯಮಾಪನ ವರದಿಗಳು. ಅಷ್ಟೇ.

ನನ್ನ ಫೈಲ್ ತೆಗೆದಾಗ ಮೂರು ತೊಂದರೆ ಕಂಡವು. ಫೋಟೊ ಲೆಫ್ಟಿನೆಂಟ್ ಕಾಲದ್ದು, ಅದರಲ್ಲಿ ಒಂದು ಪದಕ ಇಲ್ಲವೇ ಇಲ್ಲ. ಸಾರಾಂಶದ ಹಾಳೆಯಲ್ಲಿ ನನ್ನ ಎಂಜಿನಿಯರಿಂಗ್ ಪದವಿ ಬರೆದೇ ಇಲ್ಲ, ಡಿಗ್ರಿ ಜಾಗ ಖಾಲಿ. ಮೂರನೆಯದು ದೊಡ್ಡದು. ಆಫ್ಘಾನಿಸ್ತಾನದ ಇಡೀ ವರ್ಷದ ವರದಿಯೇ ಇಲ್ಲ.

ಫೋಟೊ ಒಂದು ವಾರದಲ್ಲಿ ಆಯಿತು. ಡಿಗ್ರಿಗೆ, ಭಾರತದ ಪದವಿ ಇಲ್ಲಿಯ ಪದವಿಗೆ ಸಮ ಅಂತ ಹಿಂದೆ ಮಾಡಿಸಿದ್ದ ಪ್ರಮಾಣಪತ್ರ ಹುಡುಕಿ ಕೊಟ್ಟೆ. ಅದರ ಮೂಲ ಪ್ರತಿ ಮನೆಯ ಗ್ಯಾರೇಜಿನಲ್ಲಿ, ಮದುವೆ ಆಲ್ಬಮ್ಮಿನ ಡಬ್ಬದ ಕೆಳಗಿತ್ತು. ಹೊರದೇಶದಲ್ಲಿ ಓದಿ ಬಂದವರು ಆ ಕಾಗದವನ್ನು ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ, ಸ್ಕ್ಯಾನ್ ಮಾಡಿ ನಾಲ್ಕು ಕಡೆ ಇಡಿ.

ವರದಿಗೆ ಮಾತ್ರ ಏಳು ವಾರ ಹಿಡಿಯಿತು. ಅದು ಬರೆದೇ ಇರಲಿಲ್ಲ ಅಂತಲ್ಲ. ಬರೆದಿತ್ತು, ಒಂದು ಸಣ್ಣ ತಾರೀಕಿನ ತಪ್ಪಿಗೆ ವಾಪಸ್ ಬಂದಿತ್ತು, ವಾಪಸ್ ಬಂದದ್ದು ಯಾರದೋ ಕಂಪ್ಯೂಟರಿನಲ್ಲಿ ಎರಡು ವರ್ಷ ಕೂತಿತ್ತು. ವರದಿ ಬರೆದ ಅಧಿಕಾರಿ ಆಗ ಕೊರಿಯಾದಲ್ಲಿ. ಅವರ ಮೇಲಿನವರು ನಿವೃತ್ತಿಯಾಗಿದ್ದರು. ಕೊರಿಯಾದ ಬೆಳಿಗ್ಗೆ ಅಂದರೆ ಇಲ್ಲಿ ಹಿಂದಿನ ದಿನದ ಸಂಜೆ. ದಿನಾ ಸಂಜೆ ಮಗಳಿಗೆ ಹೋಮ್‌ವರ್ಕ್ ಮಾಡಿಸುತ್ತಾ ಫೋನ್ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ನಿವೃತ್ತರಾದವರು ತುಂಬಾ ಒಳ್ಳೆಯವರು, ಮೀನು ಹಿಡಿಯಲು ಹೋದ ಜಾಗದಿಂದ ಕರೆ ಮಾಡಿ, "ಸಹಿಗೆ ಏನು ಬೇಕೋ ಕಳಿಸು, ಇವತ್ತೇ ಮುಗಿಸೋಣ" ಅಂದರು. ವರದಿ ಫೈಲಿಗೆ ಸೇರಿದ್ದು ಕೊನೇ ದಿನಕ್ಕೆ ನಾಲ್ಕು ದಿನ ಮೊದಲು.

ನಿಮ್ಮ ವರದಿಗಳನ್ನು ಬೋರ್ಡ್ ಘೋಷಣೆಯಾದ ಮೇಲೆ ನೋಡಬೇಡಿ. ಇವತ್ತು ನೋಡಿ. ಒಂದು ವರದಿ ಮುಗಿದ ತಾರೀಕಿಗೂ ಮುಂದಿನದು ಶುರುವಾದ ತಾರೀಕಿಗೂ ನಡುವೆ ಒಂದು ದಿನವೂ ಬಿಟ್ಟು ಹೋಗಿಲ್ಲ ಅಂತ ಬೆರಳಿಟ್ಟು ಲೆಕ್ಕ ಹಾಕಿ. ನಿಮ್ಮ ಹಳೇ ಮೇಲಧಿಕಾರಿಗಳ ಖಾಸಗಿ ಇಮೇಲ್, ಫೋನ್ ನಂಬರು ಬರೆದಿಟ್ಟುಕೊಳ್ಳಿ, ಯಾಕೆಂದರೆ ನಿವೃತ್ತರಾದ ಮೇಲೆ ಅವರ ಸೇನೆಯ ಇಮೇಲ್ ನಿಂತು ಹೋಗುತ್ತದೆ. ಬೋರ್ಡಿನ ಅಧ್ಯಕ್ಷರಿಗೆ ಪತ್ರ ಬರೆಯಲು ಅವಕಾಶ ಇರುತ್ತದೆ. ಫೈಲಿನಲ್ಲಿ ಕಾಣದ ವಿಷಯ ಏನಾದರೂ ಇದ್ದರೆ ಮಾತ್ರ ಬರೆಯಿರಿ, ಬೇಡಿಕೊಳ್ಳಲು ಬೇಡ.

2014ರ ಫೆಬ್ರವರಿ 24ರಂದು ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಟಿವಿಯಲ್ಲಿ ಬಂದರು. ಸೇನೆ 4,40,000ದಿಂದ 4,50,000ದ ನಡುವೆ ಇದ್ದರೆ ಸಾಕು ಅಂದರು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಲದ ನಂತರ ಇಷ್ಟು ಚಿಕ್ಕ ಸೇನೆ ಇರಲೇ ಇಲ್ಲ ಅಂತ ಎಲ್ಲಾ ವಾಹಿನಿಯವರೂ ಹೇಳುತ್ತಿದ್ದರು. ನನ್ನ ಹೆಂಡತಿ ಟಿವಿ ಆರಿಸಿ, "ರೀ, ನಾವು ಈ ಮನೆಗೆ ಎಷ್ಟು ಕಂತು ಕಟ್ಟಬೇಕು ಇನ್ನೂ?" ಅಂತ ಕೇಳಿದಳು. 2012ರಲ್ಲಿ ಸಾಲ ಮಾಡಿ ಮನೆ ತಗೊಂಡಿದ್ದೆವು. ಅವತ್ತು ರಾತ್ರಿ ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಸಂಬಳದ ಚೀಟಿ ಹರವಿಕೊಂಡು ಕೂತೆವು. ಆಗಲೇ ನನಗೆ ಸರಿಯಾಗಿ ಅರ್ಥವಾಗಿದ್ದು. ಕೈಗೆ ಬರುವ ಹಣದಲ್ಲಿ ಮೂಲ ವೇತನ ಒಂದು ಭಾಗ ಅಷ್ಟೇ. ಮನೆ ಬಾಡಿಗೆ ಭತ್ಯೆ, ಊಟದ ಭತ್ಯೆ, ಇವಕ್ಕೆ ತೆರಿಗೆ ಇಲ್ಲ, ಆಸ್ಪತ್ರೆ ಖರ್ಚೂ ಇಲ್ಲ. ಹೊರಗಿನ ಕೆಲಸದಲ್ಲಿ ಅದೇ ಜೀವನ ನಡೆಸಲು ನೋಡಲು ಎಷ್ಟೋ ಜಾಸ್ತಿ ಕಾಣುವ ಸಂಬಳ ಬೇಕು. ನೀವೂ ಒಮ್ಮೆ ಹೀಗೆ ಕೂತು ಲೆಕ್ಕ ಹಾಕಿ, ಹೆಂಡತಿ ಅಥವಾ ಗಂಡನ ಜೊತೆ ಕೂತೇ ಹಾಕಿ.

ಮಾರ್ಚ್‌ನಲ್ಲಿ ಬೋರ್ಡ್ ಕೂತಿತು. ಆಮೇಲೆ ತಿಂಗಳುಗಟ್ಟಲೆ ಮೌನ.

ಈ ಕಾಯುವಿಕೆಯೇ ಇಡೀ ಕಥೆಯಲ್ಲಿ ತುಂಬಾ ಕಷ್ಟದ್ದು. ನಾನು ಆಗ ಒಂದು ಕಂಪನಿಯ, ಅಂದರೆ ಸೈನಿಕರ ಒಂದು ತುಕಡಿಯ, ಕಮಾಂಡರ್. ನೂರಕ್ಕೂ ಹೆಚ್ಚು ಜನ ನನ್ನ ಮುಂದೆ ಬೆಳಿಗ್ಗೆ ಆರೂವರೆಗೆ ಸಾಲಾಗಿ ನಿಲ್ಲುತ್ತಿದ್ದರು. ಅವರಿಗೆ ಶಿಸ್ತು, ಮುಂದಿನ ವರ್ಷದ ತರಬೇತಿ ಅಂತ ಹೇಳುವಾಗ ಮುಂದಿನ ವರ್ಷ ನಾನು ಇರುತ್ತೇನೋ ಇಲ್ಲವೋ ಅಂತ ಒಳಗೇ ಕೊರೆಯುತ್ತಿತ್ತು. ಒಂದೇ ಸಾಲಿನ ಕ್ಯಾಪ್ಟನ್‌ಗಳು ಒಬ್ಬರನ್ನೊಬ್ಬರು ಅಳೆಯಲು ಶುರು ಮಾಡಿದೆವು. ಅವನಿಗೆ ಎಷ್ಟು ಮೇಲಿನ ದರ್ಜೆಯ ವರದಿ ಇದೆ, ಇವನು ಕಂಪನಿ ಕಮಾಂಡ್ ಮಾಡಿದ್ದಾನೋ ಇಲ್ಲವೋ. ಮರಳುಗಾಡಿನಲ್ಲಿ ಒಂದೇ ಬಾಟಲಿ ನೀರು ಹಂಚಿಕೊಂಡವರು ನಾವು. ಆ ದಿನಗಳ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಆಗ ನನಗೆ ಸಮಾಧಾನ ಕೊಟ್ಟವರು ಊರಿನ ಒಬ್ಬ ಹಿರಿಯರು. ನಮ್ಮ ಮನೆಯಿಂದ ಎರಡು ತೋಟ ಆಚೆ ಅವರ ಮನೆ. ಕ್ಯಾಪ್ಟನ್ ಮಾವ ಅಂತಲೇ ನಾವೆಲ್ಲ ಕರೆಯುವುದು. ಅವರು ಬ್ಯಾಂಕಿನಿಂದ ನಿವೃತ್ತರಾದವರು, ಆದರೂ ಯಾಕೆ ಕ್ಯಾಪ್ಟನ್ ಅಂತಾರೆ ಅಂತ ನಾನು ಯಾವತ್ತೂ ಸರಿಯಾಗಿ ಕೇಳಿರಲಿಲ್ಲ. ಅಮ್ಮ ಹೇಳಿರಬೇಕು, ಒಂದು ಭಾನುವಾರ ಅವರೇ ಫೋನ್ ಮಾಡಿದರು.

"ಏನ್ ಮಾರಾಯಾ, ನಿನಗೊಬ್ಬನಿಗೇ ಆಗಿದ್ದು ಅಂದ್ಕೊಂಡ್ಯಾ? ನಮ್ಮನ್ನೂ ಹಾಗೇ ಕಳಿಸಿದ್ದು."

1962ರ ಚೀನಾ ಯುದ್ಧದ ನಂತರ ಭಾರತದ ಸೇನೆಗೆ ಅಧಿಕಾರಿಗಳು ಸಾಲದೆ ಹೋದಾಗ ತುರ್ತು ಕಮಿಷನ್, ಅಂದರೆ ತಾತ್ಕಾಲಿಕ ಅಧಿಕಾರಿ ಹುದ್ದೆ, ಕೊಟ್ಟು ಸಾವಿರಾರು ಹುಡುಗರನ್ನು ತಗೊಂಡಿದ್ದರು. ಮಾವ ಕಾಲೇಜು ಅರ್ಧಕ್ಕೆ ಬಿಟ್ಟು ಹೋದವರು. 1965ರ ಯುದ್ಧದಲ್ಲೂ ಇದ್ದರು. ಯುದ್ಧ ಮುಗಿದ ಮೇಲೆ ಕೆಲವರಿಗೆ ಕಾಯಂ ಕಮಿಷನ್ ಸಿಕ್ಕಿತು, ಮಿಕ್ಕವರನ್ನು ತಂಡ ತಂಡವಾಗಿ ಬಿಡುಗಡೆ ಮಾಡಿದರು. ಹಾಗೆ ಬಂದವರಿಗೆ ಐಎಎಸ್, ಐಪಿಎಸ್‌ನಂಥ ಸೇವೆಗಳಲ್ಲಿ ಸರ್ಕಾರ ಒಂದಷ್ಟು ಜಾಗ ಮೀಸಲಿಟ್ಟಿತ್ತು. ಮಾವನಿಗೆ ಅದು ಸಿಗಲಿಲ್ಲ. ಎಂಟು ತಿಂಗಳು ಅಪ್ಪನ ಕಾಫಿ ತೋಟದಲ್ಲಿ ಗೊಬ್ಬರ ಹಾಕಿಸುತ್ತಾ ಇದ್ದು, ಆಮೇಲೆ ಬ್ಯಾಂಕ್ ಸೇರಿದರಂತೆ. "ಆ ಎಂಟು ತಿಂಗಳು ನಾನು ಪೇಟೆ ಕಡೆ ಹೋಗ್ತಾ ಇರಲಿಲ್ಲ. ಯಾರಾದ್ರೂ, ಯಾಕೆ ಬಂದೆ ಅಂತ ಕೇಳ್ತಾರೆ ಅಂತ. ನೀನು ಹಾಗೆ ಮಾಡ್ಬೇಡ. ಕೇಳಿದವರಿಗೆ ಹೇಳು, ಯುದ್ಧ ಮುಗೀತು, ಜನ ಜಾಸ್ತಿ ಇದ್ರು, ಕಳಿಸಿದ್ರು ಅಂತ. ಅದರಲ್ಲಿ ನಾಚಿಕೆ ಎಂಥದ್ದು?" ಈ ಮಾತು ನನಗೆ ಮುಂದೆ ಕೆಲಸದ ಸಂದರ್ಶನಗಳಲ್ಲಿ ಕೂಡ ಉಪಯೋಗಕ್ಕೆ ಬಂತು. ಅದೇ ಮೂರು ವಾಕ್ಯ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದೆ.

ಜೂನ್ 10ರಂದು ಇರಾಕ್‌ನ ಮೊಸುಲ್ ನಗರ ಐಸಿಸ್ ಉಗ್ರರ ಕೈಗೆ ಹೋಯಿತು. 2008ರಲ್ಲಿ ನಮ್ಮ ಲಾರಿಗಳು ವಾರಕ್ಕೆ ಎರಡು ಸಲ ಹೋಗುತ್ತಿದ್ದ ದಾರಿ ಅದು. ಟಿವಿಯಲ್ಲಿ ಅದೇ ರಸ್ತೆ, ಅದೇ ಸೇತುವೆ. ಅವತ್ತು ನನ್ನ ಹಳೇ ಡ್ರೈವರ್ ಒಬ್ಬ ಮಿಷಿಗನ್‌ನಿಂದ ಫೋನ್ ಮಾಡಿ ಸುಮ್ನೆ ಹತ್ತು ನಿಮಿಷ ಅತ್ತ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಫೋನ್ ಇಡದೆ ಹಿಡಿದುಕೊಂಡೇ ಇದ್ದೆ.

ಅದಾದ ಕೆಲವು ವಾರಕ್ಕೆ, ಒಂದು ಗುರುವಾರ, ಬ್ರಿಗೇಡ್ ಕಮಾಂಡರ್ ಕರೀತಿದ್ದಾರೆ ಅಂತ ಹೇಳಿ ಕಳಿಸಿದರು. ಆ ವಾರ ಕೆಟ್ಟು ನಿಂತ ಲಾರಿಗಳ ಬಗ್ಗೆ ಕೇಳುತ್ತಾರೆ ಅಂದುಕೊಂಡು ನಾನು ನನ್ನ ಹಸಿರು ನೋಟ್‌ಬುಕ್ ತಗೊಂಡು ಹೋದೆ. ಯಾವ ಲಾರಿಗೆ ಯಾವ ಬಿಡಿಭಾಗ ಬರಬೇಕು ಅಂತ ಒಂದು ಪುಟ ತುಂಬಾ ಬರೆದಿದ್ದೆ. ಕರ್ನಲ್ ಮೇಜಿನ ಹಿಂದಿನಿಂದ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಆಗಲೇ ಗೊತ್ತಾಗಿ ಹೋಯಿತು. ಅವರು ಒಂದು ಹಾಳೆ ಓದಿದರು. ಬೋರ್ಡ್ ನಿಮ್ಮನ್ನು ಬಿಡುಗಡೆಗೆ ಆರಿಸಿದೆ, ಏಪ್ರಿಲ್ 1ರ ಒಳಗೆ ಸೇವೆ ಮುಗಿಯುತ್ತದೆ. ಕಾರಣ ಬರೆದಿರಲಿಲ್ಲ, ಬೋರ್ಡು ಕಾರಣ ಹೇಳುವುದಿಲ್ಲ. ಸಹಿ ಮಾಡಿ ಅಂತ ಪೆನ್ ಕೊಟ್ಟರು. ಸಹಿ ಮಾಡಿದೆ. ಆಮೇಲೆ ಏನು ಮಾಡಬೇಕೋ ತೋಚದೆ ನೋಟ್‌ಬುಕ್ ತೆರೆದು, ಲಾರಿ ಪಟ್ಟಿಯ ಕೆಳಗೆ "ಏಪ್ರಿಲ್ 1" ಅಂತ ಬರೆದುಕೊಂಡೆ. ಆ ಪುಟ ಈಗಲೂ ಇದೆ. ಮೇಲೆ ಗೇರ್‌ಬಾಕ್ಸ್, ಎರಡು ಟಯರು, ಒಂದು ರೇಡಿಯೇಟರ್, ಅದರ ಕೆಳಗೆ ನನ್ನ ತಾರೀಕು.

ಕರ್ನಲ್ ಒಳ್ಳೆಯ ಮನುಷ್ಯ. "ನಿನ್ನ ಕೈಕೆಳಗೆ ನನ್ನ ಮಗನನ್ನು ಕಳಿಸಲು ನಾನು ಹಿಂಜರಿಯುತ್ತಿರಲಿಲ್ಲ" ಅಂದರು. ಆ ಸಲ 1,100ಕ್ಕೂ ಹೆಚ್ಚು ಕ್ಯಾಪ್ಟನ್‌ಗಳು ಹೀಗೆ ಆರಿಸಲ್ಪಟ್ಟರು, ಅದರಲ್ಲಿ ಕೆಲವರು ಆಗ ಆಫ್ಘಾನಿಸ್ತಾನದಲ್ಲೇ ಇದ್ದರು. ಯುದ್ಧಭೂಮಿಯಲ್ಲಿ ಕೂತು ಈ ಮಾತು ಕೇಳಿದವರನ್ನು ನೆನೆಸಿಕೊಂಡರೆ ನನ್ನ ಕಷ್ಟ ದೊಡ್ಡದಲ್ಲ ಅನ್ನಿಸುತ್ತದೆ. ನನ್ನ ಪಕ್ಕದ ಮೇಜಿನವನು ಉಳಿದುಕೊಂಡ. ಅವನು ಸಂಜೆ ನನ್ನ ಕಾರಿನ ಹತ್ತಿರ ಬಂದು ನಿಂತ. ಅವನ ಮುಖದಲ್ಲಿ ಸಂತೋಷ ಇರಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ನನಗಿಂತ ಗಟ್ಟಿ. ಅಮ್ಮನಿಗೆ ಹೇಳಲು ಮೂರು ದಿನ ಬೇಕಾಯಿತು. "ಸರ್ಕಾರಿ ಕೆಲಸದಿಂದ ತೆಗೀತಾರಾ? ನೀನೇನು ತಪ್ಪು ಮಾಡ್ದೆ?" ಅಂತ ಕೇಳಿದರು. ಏನೂ ಇಲ್ಲಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮಗಾ, ಗುಂಡು ತಾಗದೆ ಬಂದ್ಯಲ್ಲ, ಸಾಕು" ಅಂದರು.

ಈಗ ದುಡ್ಡಿನ ವಿಷಯ. ಎಲ್ಲರೂ ಇದನ್ನೇ ಕೇಳುವುದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಆರು ವರ್ಷ ಅಥವಾ ಅದಕ್ಕಿಂತ ಹೆಚ್ಚು, 20 ವರ್ಷಕ್ಕಿಂತ ಕಡಿಮೆ ಸೇವೆ ಇದ್ದು, ತಪ್ಪಿಲ್ಲದೆ ಕಳಿಸಿದವರಿಗೆ ಸೆಪರೇಷನ್ ಪೇ ಅಂತ ಒಂದೇ ಸಲ ಹಣ ಕೊಡುತ್ತಾರೆ. ಲೆಕ್ಕ ಸುಲಭ. ತಿಂಗಳ ಮೂಲ ವೇತನವನ್ನು 12ರಿಂದ ಗುಣಿಸಿ, ಅದರ ಶೇಕಡಾ 10ರಷ್ಟನ್ನು ಮಾತ್ರ ತೆಗೆದುಕೊಂಡು, ಸೇವೆಯ ವರ್ಷಗಳಿಂದ ಗುಣಿಸುವುದು. ಮೂಲ ವೇತನ 6,000 ಡಾಲರ್, ಸೇವೆ 11 ವರ್ಷ ಅಂತ ಇಟ್ಟುಕೊಳ್ಳಿ, 79,200 ಡಾಲರ್ ಆಗುತ್ತದೆ. ಸಾಮಾನ್ಯ ಸೈನಿಕನಾಗಿದ್ದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಕೇಳಲು ದೊಡ್ಡ ಮೊತ್ತ. ಆದರೆ 2015ರಲ್ಲಿ ಕೈಗೆ ಬರುವ ಮೊದಲೇ ಶೇಕಡಾ 25 ತೆರಿಗೆ ಹಿಡಿಯುತ್ತಿದ್ದರು, ಉಳಿಯುತ್ತಿದ್ದದ್ದು 59,400. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಬೇರೆ ರಾಜ್ಯದವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೂರ್ತಿ ಹಣ ಬೇಕಾದರೆ ಮೂರು ವರ್ಷ ಮೀಸಲು ಪಡೆಯಲ್ಲಿ ಹೆಸರು ಇಡುತ್ತೇನೆ ಅಂತ ಬರೆದುಕೊಡಬೇಕು.

ಇನ್ನೊಂದು ವಿಷಯ ನನಗೆ ಯಾರೂ ಮೊದಲು ಹೇಳಲಿಲ್ಲ. ಸೇವೆಯಲ್ಲಿ ಆದ ಗಾಯ, ಕಾಯಿಲೆಗೆ ಮಾಜಿ ಸೈನಿಕರ ಇಲಾಖೆಯಿಂದ ತಿಂಗಳು ತಿಂಗಳು ಪರಿಹಾರ ಸಿಗುತ್ತದೆ ಅಲ್ವಾ, ಸೆಪರೇಷನ್ ಪೇ ತಗೊಂಡವರಿಗೆ ಆ ಪರಿಹಾರವನ್ನು ಹಿಡಿದುಕೊಳ್ಳುತ್ತಾರೆ. ತೆರಿಗೆ ಕಳೆದು ನಿಮಗೆ ಸಿಕ್ಕ ಮೊತ್ತ ಪೂರ್ತಿ ತೀರುವವರೆಗೆ. ನನಗೆ ಎಡ ಮೊಣಕಾಲು, ಒಂದು ಕಿವಿ ಎರಡಕ್ಕೂ ಪರಿಹಾರ ಮಂಜೂರಾಯಿತು ಅಂತ ಜೂನ್‌ನಲ್ಲಿ ಪತ್ರ ಬಂತು. ಖುಷಿಯಿಂದ ಎರಡನೇ ಪುಟ ತಿರುಗಿಸಿದರೆ, ಈ ಹಣ ಸದ್ಯಕ್ಕೆ ಬರುವುದಿಲ್ಲ ಅಂತ ಇತ್ತು. ನನ್ನ ಲೆಕ್ಕದಲ್ಲಿ ಅದು ಶುರುವಾಗಲು ಎಷ್ಟೋ ವರ್ಷ ಬೇಕು. ಆದ್ದರಿಂದ ಸೆಪರೇಷನ್ ಪೇ ಬಂತು ಅಂತ ಕಾರು ತಗೋಬೇಡಿ. ಅದು ಬಹುಮಾನ ಅಲ್ಲ, ನಿಮ್ಮದೇ ಮುಂದಿನ ದುಡ್ಡು ಮುಂಗಡವಾಗಿ ಬಂದದ್ದು ಅಂತ ತಿಳಿದುಕೊಳ್ಳಿ. ಮುಂದೆ ಸೇನೆಯ ಪಿಂಚಣಿ ಸಿಕ್ಕರೆ ಅದರಲ್ಲೂ ಇದನ್ನು ಮುರಿದುಕೊಳ್ಳುತ್ತಾರೆ.

ಹಾಗಂತ ಪರಿಹಾರಕ್ಕೆ ಅರ್ಜಿ ಹಾಕದೆ ಇರಬೇಡಿ. ಸೇವೆ ಮುಗಿಯುವ ಮೊದಲೇ ಹಾಕಬಹುದು, 2015ರಲ್ಲಿ ಅದಕ್ಕೆ 180ರಿಂದ 60 ದಿನ ಇರುವಾಗ ಹಾಕಬೇಕಿತ್ತು. ಮೊಣಕಾಲು ನೋಯುತ್ತಿದ್ದರೂ ಎಷ್ಟೋ ವರ್ಷ ನಾನು ಡಾಕ್ಟರ ಹತ್ತಿರ ಹೋಗಿರಲಿಲ್ಲ, ಮಾತ್ರೆ ನುಂಗಿ ಓಡುತ್ತಿದ್ದೆ. ಕಾಗದದಲ್ಲಿ ಇಲ್ಲದ ನೋವು ಅಲ್ಲಿ ನೋವೇ ಅಲ್ಲ. ಈಗಲೂ ಸೇವೆಯಲ್ಲಿ ಇರುವವರು ಹೋಗಿ ಬರೆಸಿಕೊಳ್ಳಿ.

ನನ್ನ ಗೆಳೆಯನೊಬ್ಬ ಹಿಂದೆ ಸಾರ್ಜೆಂಟ್ ಆಗಿದ್ದು ತಡವಾಗಿ ಅಧಿಕಾರಿಯಾದವನು, ಅವನ ಒಟ್ಟು ಸೇವೆ 15 ವರ್ಷ ದಾಟಿತ್ತು. ಅವನೂ ಆರಿಸಲ್ಪಟ್ಟ. ಆದರೆ 15 ದಾಟಿದವರಿಗೆ ಕಡಿಮೆ ಪಿಂಚಣಿಯ ಮೇಲೆ ಬೇಗ ನಿವೃತ್ತಿ ಕೇಳುವ ದಾರಿ ಇತ್ತು, ಅವನು ಅದನ್ನು ತಗೊಂಡ. ನಿಮ್ಮ ಸೇವೆ ಅದರ ಹತ್ತಿರ ಹತ್ತಿರ ಇದ್ದರೆ ಒಂದೊಂದು ತಿಂಗಳೂ ಎಣಿಸಿ ನೋಡಿ.

ಮುಂದಿನ ತಿಂಗಳುಗಳು ತರಗತಿ, ತಪಾಸಣೆ, ಅರ್ಜಿಗಳಲ್ಲಿ ಕಳೆದವು. ಸೇನೆ ಬಿಡುವವರಿಗೆ ಆಗ ಐದು ದಿನದ ತರಗತಿ ಕಡ್ಡಾಯವಾಗಿತ್ತು. ಕೆಲವರು ನಿದ್ದೆ ಮಾಡುತ್ತಿದ್ದರು, ನಾನು ಎರಡು ಸಲ ಕೂತೆ. ರೆಸ್ಯುಮೆ ಬರೆಯುವುದೇ ದೊಡ್ಡ ಕೆಲಸ. "ಕಂಪನಿ ಕಮಾಂಡರ್" ಅಂದರೆ ಹೊರಗಿನವರಿಗೆ ಏನೂ ಅರ್ಥವಾಗುವುದಿಲ್ಲ. ಎಷ್ಟು ಜನ, ಎಷ್ಟು ವಾಹನ, ಎಷ್ಟು ಕೋಟಿಯ ಸಾಮಾನಿನ ಜವಾಬ್ದಾರಿ, ಎಷ್ಟು ಮೈಲಿ ಸಾಗಣೆ ಅಂತ ಬರೆದ ಮೇಲೆ ಫೋನ್ ಬರಲು ಶುರುವಾಯಿತು. 63 ಕಡೆ ಅರ್ಜಿ ಹಾಕಿದೆ. ಏಳು ಕಡೆ ಸಂದರ್ಶನ. ಒಂದು ಕಡೆ ಬಂದ ಹುಡುಗ, "ನಿಮಗೆ ಒತ್ತಡದಲ್ಲಿ ಕೆಲಸ ಮಾಡಿದ ಅನುಭವ ಇದೆಯಾ?" ಅಂತ ಕೇಳಿದ. ಇದೆ ಅಂದೆ. ಅವನ ತಪ್ಪಲ್ಲ, ಅವನ ಹಾಳೆಯಲ್ಲಿ ಆ ಪ್ರಶ್ನೆ ಇತ್ತು.

ಸೇನೆಯ ಸಾಮಾನು ವಾಪಸ್ ಕೊಡುವುದು ಬೇರೆಯೇ ಕಥೆ. ಹೆಲ್ಮೆಟ್, ಬೆನ್ನುಚೀಲ, ಮಲಗುವ ಚೀಲ, ಗುದ್ದಲಿ, ನೀರಿನ ಲೋಟ, ಒಟ್ಟು ನಲವತ್ತಕ್ಕೂ ಹೆಚ್ಚು ವಸ್ತು, ಎಲ್ಲಾ ತೊಳೆದು ಒಣಗಿಸಿ ಕೊಡಬೇಕು. ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಹಾಸಿ ಮೂವರೂ ಕೂತೆವು. ಮಗಳು ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಚೀಲದ ಜಿಪ್ ಉಜ್ಜುತ್ತಿದ್ದಳು. "ಅಪ್ಪಾ, ಇದ್ಯಾವ ಊರಿನ ಮಣ್ಣು?" ಅಂದಳು. ಕಂದಹಾರ್ ಅಂದೆ. ಅವಳು ಮತ್ತೆ ಉಜ್ಜಿದಳು. ಆದರೂ ಮೊದಲ ದಿನ ಕೌಂಟರಿನಲ್ಲಿ ಎರಡು ವಸ್ತು ಕೊಳೆ ಅಂತ ವಾಪಸ್ ಮಾಡಿದರು. ಕಳೆದುಹೋದವಕ್ಕೆ ನಾನು 87 ಡಾಲರ್ ಕಟ್ಟಿದೆ. ಕೊನೇ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ, ಒಂದು ಮುದ್ರೆ ಬೀಳದಿದ್ದರೆ ಮುಂದಿನ ಕಚೇರಿಯವರು ಒಳಗೇ ಬಿಡುವುದಿಲ್ಲ.

ಕೊನೆಯ ಕಾಗದ ಡಿ.ಡಿ. 214. ಇಡೀ ಜೀವನ ನಿಮ್ಮ ಸೇವೆಗೆ ಸಾಕ್ಷಿ ಅದೊಂದೇ. ಮನೆ ಸಾಲ, ಓದಿನ ಸೌಲಭ್ಯ, ಕೆಲಸದಲ್ಲಿ ಆದ್ಯತೆ, ಎಲ್ಲದಕ್ಕೂ ಅದೇ ಬೇಕು. ಕರಡು ಪ್ರತಿ ಕೊಟ್ಟು ನೋಡಿ ಅಂತಾರೆ. ನನ್ನದರಲ್ಲಿ ಮೊದಲ ಇರಾಕ್ ಸೇವೆಯೇ ಬಿಟ್ಟುಹೋಗಿತ್ತು. ಕಚೇರಿಯಲ್ಲಿದ್ದಾಕೆ, ಸಹಿ ಮಾಡಿ, ಆಮೇಲೆ ತಿದ್ದಿಸಿಕೊಳ್ಳಬಹುದು ಅಂದಳು. ಮಾಡಲಿಲ್ಲ. ಮನೆಗೆ ಹೋಗಿ ಹಳೇ ಆದೇಶ ತಂದು ತೋರಿಸಿ, ಮಧ್ಯಾಹ್ನ ಮೂರರವರೆಗೆ ಕಾದು ಸರಿ ಮಾಡಿಸಿಕೊಂಡೆ. ಆಮೇಲೆ ತಿದ್ದಿಸುವುದು ಅಂದರೆ ತಿಂಗಳುಗಟ್ಟಲೆ. ಮೊದಲ ದಿನದಿಂದ ಬಂದ ಪ್ರತಿ ಆದೇಶದ ಪ್ರತಿ ಇಟ್ಟುಕೊಳ್ಳಿ.

ಮಕ್ಕಳಿಗೆ ಓದಿನ ಸೌಲಭ್ಯ ವರ್ಗಾಯಿಸಬೇಕು ಅಂದುಕೊಂಡಿದ್ದರೆ ಸೇವೆಯಲ್ಲಿ ಇರುವಾಗಲೇ ಆಗಬೇಕು, ಹೊರಗೆ ಬಂದ ಮೇಲೆ ಆಗುವುದಿಲ್ಲ. ಆರೋಗ್ಯ ವಿಮೆ ಹೀಗೆ ಕಳಿಸಿದವರಿಗೆ ಇನ್ನೂ 180 ದಿನ ನಡೆಯುತ್ತದೆ. ನಮ್ಮದು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ, ಅಷ್ಟರಲ್ಲಿ ಕೆಲಸದ ವಿಮೆಗೆ ಸೇರಿಕೊಳ್ಳುತ್ತೇವೆ. ಜೀವವಿಮೆಯನ್ನು 240 ದಿನದ ಒಳಗೆ ಬದಲಾಯಿಸಿಕೊಂಡರೆ ಆರೋಗ್ಯದ ಪ್ರಶ್ನೆ ಕೇಳುವುದಿಲ್ಲ, ಮೊಣಕಾಲು ಕಿವಿ ಕೆಟ್ಟವರಿಗೆ ಇದು ಮುಖ್ಯ.

ಮಾರ್ಚ್ 31ರಂದು ಸಂಜೆ ಗೇಟಿನಿಂದ ಹೊರಗೆ ಬಂದೆ. ಕಾವಲಿನ ಹುಡುಗ ಎಂದಿನಂತೆ ಸೆಲ್ಯೂಟ್ ಹೊಡೆದ, ನಾನೂ ಹೊಡೆದೆ. ಅವನಿಗೆ ಏನೂ ಗೊತ್ತಿರಲಿಲ್ಲ. ಸ್ವಲ್ಪ ದೂರ ಹೋಗಿ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಕೂತೆ. ಎಷ್ಟು ಹೊತ್ತು ಅಂತ ನೆನಪಿಲ್ಲ.

ಮೇ ತಿಂಗಳಲ್ಲಿ ಕೆಲಸ ಸಿಕ್ಕಿತು, ದಿನಸಿ ಸಾಮಾನು ಸಾಗಿಸುವ ಒಂದು ಗೋದಾಮಿನಲ್ಲಿ. ನಡುವೆ ಐದು ವಾರ ಸಂಬಳ ಇಲ್ಲ, ಆಗ ಸೆಪರೇಷನ್ ಪೇಯಿಂದ ಮನೆ ಕಂತು ಕಟ್ಟಿದೆವು. ಬರೀ ಹೆಸರಿಗೆ ಇರುವ ಮೀಸಲಿನ ಬದಲು ತಿಂಗಳಿಗೊಂದು ವಾರಾಂತ್ಯ ಹಾಜರಾಗುವ ಮೀಸಲು ಘಟಕಕ್ಕೆ ಸೇರಿದ್ದೇನೆ. ಹಿಂದಿನ ವರ್ಷಗಳೂ ಸೇರಿ 20 ವರ್ಷ ತುಂಬಿದರೆ ವಯಸ್ಸಾದ ಮೇಲೆ ಪಿಂಚಣಿ ಬರುತ್ತದೆ, ಹನ್ನೊಂದು ವರ್ಷ ಪೂರ್ತಿ ನೀರುಪಾಲಾಗಲಿಲ್ಲ. ಕೆಲಸ ಬಿಡುವ ಮೊದಲೇ ಮೀಸಲು ಪಡೆಯ ಸಲಹೆಗಾರರನ್ನು ಹೋಗಿ ನೋಡಿ. ಸಿಟ್ಟಿನಲ್ಲಿ ಇರುವಾಗ ಆ ಸಮವಸ್ತ್ರ ಮತ್ತೆ ಬೇಡ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ಬರುವ ಶನಿವಾರ ಆ ಕನ್ನಡದ ಹುಡುಗರಲ್ಲಿ ಒಬ್ಬ ಸ್ಯಾನ್ ಆಂಟೋನಿಯೋದಿಂದ ನಮ್ಮ ಮನೆಗೆ ಬರುತ್ತಿದ್ದಾನೆ. ಅವನಿಗೂ ಕರ್ನಾಟಕದ ಡಿಗ್ರಿ. ವರದಿಗಳನ್ನೆಲ್ಲಾ ತಾರೀಕಿನ ಪ್ರಕಾರ ಪ್ರಿಂಟ್ ಮಾಡಿ ತಗೊಂಡು ಬಾ, ಜೊತೆಗೆ ಡಿಗ್ರಿಯ ಮೂಲ ಪ್ರತಿಯನ್ನೂ ತಾ ಅಂದಿದ್ದೇನೆ. ಊಟಕ್ಕೆ ಅಕ್ಕಿ ರೊಟ್ಟಿ, ಎಣ್ಣೆಗಾಯಿ. ಊಟ ಆದ ಮೇಲೆ ಅದೇ ಅಡುಗೆಮನೆ ಮೇಜಿನ ಮೇಲೆ ಇಬ್ಬರೂ ಬೆರಳಿಟ್ಟು ಲೆಕ್ಕ ಹಾಕುತ್ತೇವೆ.